ಲಾರಿ ‘ಬ್ರೇಕ್ ಫೇಲ್’ ಅಂದರೆ ಫೇಲ್ ಆಗುವುದು ಏನು? ಆಕ್ಸಲ್, ಬ್ರೇಕ್, ಸ್ಟೇರಿಂಗ್ ಪರಿಚಯ

ಘಾಟಿಯಲ್ಲಿ ಲಾರಿ ಅಪಘಾತ ಆದರೆ ಸುದ್ದಿಯಲ್ಲಿ ಬರುವ ಕಾರಣ ಹೆಚ್ಚಾಗಿ ಒಂದೇ: ಬ್ರೇಕ್ ಫೇಲ್. ಬೆಂಗಳೂರು–ಮಂಗಳೂರು ದಾರಿಯ ಶಿರಾಡಿ ಇರಲಿ, ಸೇಲಂಗೆ ಹೋಗುವ ದಾರಿಯ ತೊಪ್ಪೂರು ಘಾಟಿ ಇರಲಿ, ಪುಣೆಯ ನವಲೆ ಸೇತುವೆ ಇರಲಿ, ಮಾತು ಅಲ್ಲಿಗೇ ಮುಗಿಯುತ್ತದೆ. ಓದಿದವರಿಗೆ ಯಾವುದೋ ಪೈಪು ಒಡೆಯಿತು, ಏನೋ ಕಿತ್ತುಹೋಯಿತು ಅನ್ನಿಸುತ್ತದೆ. ಹಾಗೆ ಆಗುವುದೂ ಉಂಟು. ಆದರೆ ಇಳಿಜಾರಿನಲ್ಲಿ ಹತೋಟಿ ತಪ್ಪುವ ಎಷ್ಟೋ ಲಾರಿಗಳಲ್ಲಿ ಒಂದು ನಟ್ಟೂ ಕಳಚಿರುವುದಿಲ್ಲ. ಬ್ರೇಕಿಗೆ ಬೇಕಾದ ಗಾಳಿ ತುಂಬಿರುತ್ತದೆ, ಪೆಡಲ್ ಒತ್ತಿದರೆ ಒತ್ತುತ್ತದೆ, ಗಾಳಿ ಮೀಟರಿನ ಮುಳ್ಳೂ ಸರಿಯಾದ ಜಾಗದಲ್ಲೇ ಇರುತ್ತದೆ. ಲಾರಿ ಮಾತ್ರ ನಿಲ್ಲುವುದಿಲ್ಲ.

ಇದು ಹೇಗೆ ಅಂತ ತಿಳಿಯಬೇಕಾದರೆ ಲಾರಿಯ ಅಡಿಯಲ್ಲಿರುವ ಕೆಲವು ಭಾಗಗಳ ಹೆಸರು, ಕೆಲಸ ಗೊತ್ತಿರಬೇಕು. ಗ್ಯಾರೇಜಿನಲ್ಲಿ ದಿನಾ ಕೇಳಿಬರುವ ಹೆಸರುಗಳೇ ಇವು. ಕೆಳಗಿನಿಂದ ಶುರು ಮಾಡೋಣ.

ಮೊದಲು ಭಾರದ ಲೆಕ್ಕ

ಲಾರಿಯ ಮೇಲೆ 1613, 2818, 4825 ಅಂತ ನಾಲ್ಕಂಕಿಯ ಹೆಸರು ಬರೆದಿರುವುದನ್ನು ನೋಡಿರುತ್ತೀರಿ. ಮೊದಲ ಎರಡು ಅಂಕಿ ಲೋಡು ಸೇರಿ ಲಾರಿಯ ಒಟ್ಟು ತೂಕ, ಟನ್ ಲೆಕ್ಕದಲ್ಲಿ. ಕೊನೆಯ ಎರಡಕ್ಕೆ ಒಂದು ಸೊನ್ನೆ ಸೇರಿಸಿದರೆ ಎಂಜಿನ್ನಿನ ಹಾರ್ಸ್‌ಪವರ್. ಎರಡೂ ಹೆಚ್ಚುಕಡಿಮೆ ಲೆಕ್ಕ ಅಷ್ಟೇ. 2818 ಅಂದರೆ ಸುಮಾರು 28 ಟನ್, 180 ಹಾರ್ಸ್‌ಪವರ್.

ಕಾನೂನು ಮಾತ್ರ ಒಟ್ಟು ತೂಕವೊಂದನ್ನೇ ನೋಡುವುದಿಲ್ಲ. ಒಂದೊಂದು ಆಕ್ಸಲ್ ಮೇಲೆ ಎಷ್ಟು ಭಾರ ಕೂರುತ್ತದೆ ಅನ್ನುವುದನ್ನೂ ನೋಡುತ್ತದೆ. ಎಡ ಬಲ ಚಕ್ರಗಳನ್ನು ಜೋಡಿಸುವ ಅಡ್ಡ ಕಂಬಿಯೇ ಆಕ್ಸಲ್. ನಮ್ಮ ದೇಶದಲ್ಲಿ 2018ರ ಜುಲೈನಲ್ಲಿ ಈ ಮಿತಿಗಳನ್ನು ಏರಿಸಿದರು. ನಾಲ್ಕು ಟೈರಿರುವ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಲಾರಿಯ ಹಿಂಭಾಗದಲ್ಲಿ ಒಂದರ ಹಿಂದೆ ಒಂದು ಇರುವ ಜೋಡಿ ಆಕ್ಸಲ್‌ಗೆ 19 ಇದ್ದದ್ದು 21 ಆಯಿತು. ಹತ್ತು ಚಕ್ರದ ಲಾರಿಗೆ ಒಟ್ಟು 25 ಟನ್ ಇದ್ದದ್ದು 28.5 ಟನ್ ಆಯಿತು.

ಆಕ್ಸಲ್ ಲೆಕ್ಕ ಯಾಕೆ ಬೇಕು? ರಸ್ತೆಗೆ ಆಗುವ ಪೆಟ್ಟು ಭಾರದ ಜೊತೆ ನೇರವಾಗಿ ಏರುವುದಿಲ್ಲ, ಜಿಗಿಯುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1950ರ ದಶಕದ ಕೊನೆಗೆ ಲಾರಿಗಳನ್ನು ಬೇರೆ ಬೇರೆ ರಸ್ತೆಗಳ ಮೇಲೆ ಓಡಿಸಿ ಓಡಿಸಿ ಒಂದು ದೊಡ್ಡ ಪರೀಕ್ಷೆ ಮಾಡಿದ್ದರು. ಒಂದು ಆಕ್ಸಲ್ ಮೇಲಿನ ಭಾರ ಎರಡರಷ್ಟಾದರೆ ರಸ್ತೆಯ ಸವೆತ ಸುಮಾರು ಹದಿನಾರು ಪಟ್ಟು ಆಗುತ್ತದೆ ಅನ್ನುವ ಲೆಕ್ಕ ಅಲ್ಲಿಂದ ಬಂದದ್ದು. ಹಾಗಾಗಿ ಭಾರ ಜಾಸ್ತಿ ಬೇಕಾದರೆ ಆಕ್ಸಲ್ ಜಾಸ್ತಿ ಹಾಕು ಅನ್ನುವುದು ನಿಯಮ. ಹೆದ್ದಾರಿಯಲ್ಲಿ ಹನ್ನೆರಡು, ಹದಿನಾಲ್ಕು, ಹದಿನಾರು ಚಕ್ರದ ಲಾರಿಗಳು ಕಾಣುವುದು ಇದಕ್ಕೇ.

ಆ ಲಾರಿಗಳಲ್ಲಿ ಕೆಲವು ಚಕ್ರಗಳು ನೆಲ ಮುಟ್ಟದೆ ತೇಲುತ್ತಿರುತ್ತವೆ, ಗಮನಿಸಿದ್ದೀರಾ? ಅದು ಲಿಫ್ಟ್ ಆಕ್ಸಲ್. ಲೋಡು ಇಳಿಸಿದ ಮೇಲೆ ಅಷ್ಟು ಚಕ್ರ ಬೇಕಾಗುವುದಿಲ್ಲ. ಗಾಳಿಯ ಬಲದಿಂದ ಆ ಆಕ್ಸಲನ್ನು ಮೇಲೆತ್ತಿದರೆ ಟೈರು ಉಳಿಯುತ್ತದೆ, ಡೀಸೆಲ್ಲೂ ಸ್ವಲ್ಪ ಉಳಿಯುತ್ತದೆ. ತುಂಬಿದ ಲಾರಿಯಲ್ಲೂ ಅದನ್ನು ಎತ್ತಿಟ್ಟು ಓಡಿಸಿದರೆ ಮಾತ್ರ ಆ ಭಾರವೆಲ್ಲ ಉಳಿದ ಆಕ್ಸಲ್‌ಗಳ ತಲೆಗೆ ಬೀಳುತ್ತದೆ.

ಮುಂದಿನ ಆಕ್ಸಲ್ ಬೇರೆ, ಹಿಂದಿನದು ಬೇರೆ

ಮುಂದಿನದು ಸರಳ. ಬಡಿದು ಮಾಡಿದ ಒಂದು ಗಟ್ಟಿ ಉಕ್ಕಿನ ತೊಲೆ. ಎಂಜಿನ್ನಿನ ಬಲ ಅದಕ್ಕೆ ಬರುವುದಿಲ್ಲ. ಭಾರ ಹೊರುವುದು, ಚಕ್ರ ತಿರುಗಿಸಲು ಆಧಾರ ಕೊಡುವುದು, ಇಷ್ಟೇ ಅದರ ಕೆಲಸ. ಬಲ ಬಾರದ ಇಂಥದ್ದಕ್ಕೆ ಡೆಡ್ ಆಕ್ಸಲ್ ಅನ್ನುತ್ತಾರೆ.

ಹಿಂದಿನದು ಲೈವ್ ಆಕ್ಸಲ್. ಅಂದರೆ ಲಾರಿಯನ್ನು ತಳ್ಳುವುದು ಅದೇ. ಹಿಂದಿನಿಂದ ಬಗ್ಗಿ ನೋಡಿದರೆ ಮಧ್ಯದಲ್ಲಿ ದೊಡ್ಡ ಕುಂಬಳಕಾಯಿ ಗಾತ್ರದ ಉಬ್ಬು ಕಾಣುತ್ತದಲ್ಲ, ಆ ಇಡೀ ಕವಚಕ್ಕೆ ಮೆಕ್ಯಾನಿಕ್‌ಗಳು ಹೌಸಿಂಗ್ ಅನ್ನುತ್ತಾರೆ. ಗೇರ್‌ಬಾಕ್ಸಿನಿಂದ ಉದ್ದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟ್ ಅದರೊಳಗೆ ಸೇರುತ್ತದೆ. ಅಲ್ಲಿ ಒಂದು ಚಿಕ್ಕ ಹಲ್ಲುಚಕ್ರ, ಪಿನಿಯನ್. ಅದು ತಿರುಗಿಸುವುದು ಒಂದು ದೊಡ್ಡ ಹಲ್ಲುಚಕ್ರವನ್ನು, ಅದು ಕ್ರೌನ್. ಪಿನಿಯನ್ನಿಗೆ 7 ಹಲ್ಲು, ಕ್ರೌನಿಗೆ 41 ಹಲ್ಲು ಇದೆ ಅಂದುಕೊಳ್ಳಿ. ಚಕ್ರ ಒಂದು ಸುತ್ತು ಸುತ್ತಬೇಕಾದರೆ ಶಾಫ್ಟ್ ಸುಮಾರು ಆರು ಸುತ್ತು ಸುತ್ತಬೇಕು. ವೇಗ ಆರನೇ ಒಂದು ಭಾಗಕ್ಕೆ ಇಳಿಯಿತು, ತಿರುಗಿಸುವ ಬಲ ಆರು ಪಟ್ಟು ಏರಿತು. ಈ ಲೆಕ್ಕವನ್ನು ಸ್ವಲ್ಪ ನೆನಪಿನಲ್ಲಿಡಿ, ಇಳಿಜಾರಿಗೆ ಬಂದಾಗ ಬೇಕಾಗುತ್ತದೆ.

ಕ್ರೌನಿನ ಒಳಗೆ ಕೂತಿರುವುದು ಡಿಫರೆನ್ಶಿಯಲ್. ಕಣದಲ್ಲಿ ಹಂತಿ ಹೊಡೆಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದ ಹಾಗೆ ನಿಧಾನ ಹೆಜ್ಜೆ ಹಾಕುತ್ತದೆ. ಹೊರಗಿನ ತುದಿಯ ಎತ್ತು ಬಿರಬಿರನೆ ನಡೆಯಬೇಕು. ತಿರುವಿನಲ್ಲಿ ಲಾರಿಯ ಚಕ್ರಗಳದ್ದೂ ಅದೇ ಪಾಡು. ಒಳಗಿನ ಚಕ್ರಕ್ಕೆ ಕಡಿಮೆ ದಾರಿ, ಹೊರಗಿನ ಚಕ್ರಕ್ಕೆ ಜಾಸ್ತಿ ದಾರಿ. ಎರಡೂ ಒಂದೇ ಕಂಬಿಗೆ ಬಿಗಿದಿದ್ದರೆ ಟೈರು ಉಜ್ಜಿಕೊಂಡು ಹೋಗುತ್ತಿತ್ತು. ಡಿಫರೆನ್ಶಿಯಲ್ ಎರಡಕ್ಕೂ ಬಲ ಕೊಡುತ್ತದೆ, ವೇಗ ಮಾತ್ರ ಅವುಗಳ ಇಷ್ಟಕ್ಕೆ ಬಿಡುತ್ತದೆ.

ಅಲ್ಲಿಂದ ಎಡಕ್ಕೊಂದು, ಬಲಕ್ಕೊಂದು ಆಕ್ಸಲ್ ಶಾಫ್ಟ್ ಹೊರಟು ಚಕ್ರದ ಹಬ್ ಸೇರುತ್ತದೆ. ಇಲ್ಲಿ ಒಂದು ಜಾಣತನ ಇದೆ. ದೊಡ್ಡ ಲಾರಿಗಳಲ್ಲಿ ಈ ಶಾಫ್ಟ್ ಬರೀ ತಿರುಗಿಸುತ್ತದೆ, ಭಾರ ಹೊರುವುದಿಲ್ಲ. ಭಾರ ಹೊರುವುದು ಹೊರಗಿನ ಹೌಸಿಂಗ್. ರಸ್ತೆ ಬದಿಯಲ್ಲಿ ಚಕ್ರ ಬಿಚ್ಚದೆಯೇ, ಹಬ್ಬಿನ ನಡುವಿನಿಂದ ಮೆಕ್ಯಾನಿಕ್ ಉದ್ದನೆಯ ಕಂಬಿಯೊಂದನ್ನು ಎಳೆದು ತೆಗೆಯುವುದನ್ನು ನೋಡಿದ್ದರೆ, ಅದೇ ಇದು. ‘ಆಕ್ಸಲ್ ಕಟ್ ಆಯ್ತು’ ಅಂದಾಗ ಮುರಿದಿರುವುದು ಹೆಚ್ಚಾಗಿ ಈ ಶಾಫ್ಟ್. ಲಾರಿ ಕುಸಿಯುವುದಿಲ್ಲ, ಚಕ್ರವೂ ಕಳಚುವುದಿಲ್ಲ. ಬಲ ಮಾತ್ರ ಚಕ್ರಕ್ಕೆ ತಲುಪುವುದಿಲ್ಲ.

ಅಂದ ಹಾಗೆ ಇಂಥ ಆಕ್ಸಲ್‌ಗಳು ನಮ್ಮ ಮೈಸೂರಿನಲ್ಲೇ ತಯಾರಾಗುತ್ತವೆ. ಹೂಟಗಳ್ಳಿಯ ಆಟೋಮೋಟಿವ್ ಆಕ್ಸಲ್ಸ್ ಕಂಪನಿ 1981ರಲ್ಲಿ ಹುಟ್ಟಿದ್ದು. ಲಾರಿ, ಬಸ್ಸುಗಳ ಹಿಂದಿನ ಆಕ್ಸಲ್, ಬ್ರೇಕು ಅದರ ಮುಖ್ಯ ಸರಕು.

ಕಾಲಿನ ಬಲ ಸಾಲದು, ಗಾಳಿ ಬೇಕು

ಕಾರಿನ ಬ್ರೇಕಿನಲ್ಲಿ ಎಣ್ಣೆ ಇರುತ್ತದೆ. ಪೆಡಲ್ ಒತ್ತಿದರೆ ಆ ಒತ್ತಡ ಎಣ್ಣೆಯ ಮೂಲಕ ಚಕ್ರ ಮುಟ್ಟುತ್ತದೆ. ಮೂವತ್ತು ಟನ್ನಿನ ಗಾಡಿಗೆ ಕಾಲಿನ ಬಲ ಯಾವ ಮೂಲೆಗೂ ಸಾಲದು. ಹಾಗಾಗಿ ಲಾರಿಯಲ್ಲಿ ಒತ್ತಿ ತುಂಬಿದ ಗಾಳಿ ಕೆಲಸ ಮಾಡುತ್ತದೆ.

ಎಂಜಿನ್ನಿಗೆ ಜೋಡಿಸಿದ ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುತ್ತದೆ. ಒತ್ತಡ ಸುಮಾರು 8 ಬಾರ್, ಕಾರಿನ ಟೈರಿನಲ್ಲಿರುವ ಗಾಳಿಯ ಮೂರೂವರೆ ಪಟ್ಟು. ಟ್ಯಾಂಕು ಒಂದಲ್ಲ. ಮುಂದಿನ ಬ್ರೇಕಿಗೆ ಒಂದು, ಹಿಂದಿನ ಬ್ರೇಕಿಗೆ ಇನ್ನೊಂದು. ಒಂದು ಕಡೆ ಪೈಪು ಒಡೆದರೂ ಇನ್ನೊಂದು ಕಡೆಯ ಬ್ರೇಕು ಉಳಿಯಲಿ ಅಂತ.

ಚಾಲಕ ಒತ್ತುವ ಪೆಡಲ್ ನಿಜವಾಗಿ ಒಂದು ನಲ್ಲಿ ಅಷ್ಟೇ. ಒತ್ತಿದಷ್ಟು ಗಾಳಿ ಬಿಡುತ್ತದೆ. ಆ ಗಾಳಿ ಚಕ್ರದ ಬಳಿ ಇರುವ ಬ್ರೇಕ್ ಚೇಂಬರ್ ಅನ್ನುವ ದುಂಡನೆಯ ಡಬ್ಬಿಗೆ ನುಗ್ಗುತ್ತದೆ. ಡಬ್ಬಿಯೊಳಗೆ ಒಂದು ರಬ್ಬರ್ ಪರದೆ, ಅದಕ್ಕೆ ತಾಗಿ ಒಂದು ಕಂಬಿ. ಗಾಳಿ ಪರದೆಯನ್ನು ಒತ್ತಿದಾಗ ಕಂಬಿ ಹೊರಗೆ ಚಾಚುತ್ತದೆ. ಈ ಡಬ್ಬಿಗಳಿಗೆ ಟೈಪ್ 24, ಟೈಪ್ 30 ಅಂತ ನಂಬರು ಇರುತ್ತದೆ. ಪರದೆಯ ವಿಸ್ತಾರ ಎಷ್ಟು ಚದರ ಇಂಚು ಅನ್ನುವುದೇ ಆ ನಂಬರು. 30 ಚದರ ಇಂಚಿನ ಮೇಲೆ ಚದರ ಇಂಚಿಗೆ 100 ಪೌಂಡ್ ಒತ್ತಡ ಬಿದ್ದರೆ 3000 ಪೌಂಡ್ ಆಯಿತು, ಅಂದರೆ ಸುಮಾರು 1360 ಕಿಲೋ. ಒಂದು ಚಿಕ್ಕ ಡಬ್ಬಿ ಒಂದು ಕಾರಿನ ತೂಕದಷ್ಟು ಬಲದಿಂದ ತಳ್ಳುತ್ತದೆ.

ಕಂಬಿ ತಳ್ಳುವುದು ಸ್ಲ್ಯಾಕ್ ಅಡ್ಜಸ್ಟರ್ ಅನ್ನುವ ಗೇಣುದ್ದದ ಸನ್ನೆಯನ್ನು. ಸನ್ನೆ ವಾಲಿದಾಗ ಅದಕ್ಕೆ ಸೇರಿದ ಶಾಫ್ಟ್ ತಿರುಗುತ್ತದೆ. ಆ ಶಾಫ್ಟಿನ ತುದಿ ಇಂಗ್ಲಿಷಿನ ಎಸ್ ಅಕ್ಷರದ ಆಕಾರದಲ್ಲಿದೆ, ಹಾಗಾಗಿ ಎಸ್-ಕ್ಯಾಮ್. ಅದು ತಿರುಗಿದಾಗ ಬ್ರೇಕ್ ಶೂ ಅನ್ನುವ ಎರಡು ಬಾಗಿದ ತುಂಡುಗಳನ್ನು ಹೊರಕ್ಕೆ ಅಗಲಿಸುತ್ತದೆ. ಶೂಗಳಿಗೆ ಹೊಡೆದಿರುವ ಲೈನರ್ ಅನ್ನುವ ಪಟ್ಟಿ ಚಕ್ರದ ಜೊತೆ ತಿರುಗುತ್ತಿರುವ ಡ್ರಮ್ಮಿನ ಒಳಮೈಗೆ ಉಜ್ಜುತ್ತದೆ. ಲಾರಿ ನಿಧಾನವಾಗುತ್ತದೆ. ಪೆಡಲ್ ಬಿಟ್ಟಾಗ ಚೇಂಬರಿನ ಗಾಳಿ ಹೊರಗೆ ಹೋಗುತ್ತದೆ. ಸಿಗ್ನಲ್ಲಿನಲ್ಲಿ ಪಕ್ಕದ ಲಾರಿ ‘ಬುಸ್’ ಅನ್ನುವುದು ಅದಕ್ಕೇ.

ಗಾಳಿ ಪೈಪಿನಲ್ಲಿ ಸಾಗಿ ಡಬ್ಬಿ ತುಂಬಲು ಒಂದಿಷ್ಟು ಹೊತ್ತು ಹಿಡಿಯುತ್ತದೆ. ಅರ್ಧ ಸೆಕೆಂಡ್ ಅಂತ ಇಟ್ಟುಕೊಂಡರೂ ಗಂಟೆಗೆ 60 ಕಿ.ಮೀ. ವೇಗದಲ್ಲಿ ಲಾರಿ ಅಷ್ಟರಲ್ಲಿ 8 ಮೀಟರ್ ಮುಂದೆ ಬಂದಿರುತ್ತದೆ. ಬ್ರೇಕು ಹಿಡಿಯಲು ಶುರುವಾಗುವುದು ಆಮೇಲೆ. ಲಾರಿಯ ಮುಂದಿನ ಖಾಲಿ ಜಾಗಕ್ಕೆ ಕಾರು ನುಗ್ಗಿಸಿ ತಟ್ಟನೆ ಬ್ರೇಕು ಹಾಕುವವರು ಈ 8 ಮೀಟರನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಗಾಳಿ ಹೋದರೆ ಲಾರಿ ಓಡುವುದಿಲ್ಲ, ನಿಲ್ಲುತ್ತದೆ

ಗಾಳಿಯಿಂದ ಬ್ರೇಕು ಅಂದಮೇಲೆ ಗಾಳಿ ಖಾಲಿಯಾದರೆ ಬ್ರೇಕು ಹೋಯಿತು ಅಲ್ವಾ? ಅಲ್ಲ. ಈ ಸಮಸ್ಯೆಗೆ ಮೊದಲು ದಾರಿ ಕಂಡುಕೊಂಡದ್ದು ರೈಲಿನಲ್ಲಿ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದ. ಪೈಪು ಕಿತ್ತರೆ ಬ್ರೇಕೇ ಇಲ್ಲ ಅನ್ನುವುದು ಅದರ ದೋಷವಾಗಿತ್ತು. ಕೆಲವೇ ವರ್ಷಗಳಲ್ಲಿ ಅವನೇ ಅದನ್ನು ತಲೆಕೆಳಗು ಮಾಡಿದ. ಪೈಪಿನ ಗಾಳಿ ಕಡಿಮೆಯಾದರೆ ಬ್ರೇಕು ತಾನಾಗಿ ಬೀಳುವಂತೆ ಮಾಡಿದ.

ಲಾರಿಯಲ್ಲಿ ಆ ಕೆಲಸ ಮಾಡುವುದು ಸ್ಪ್ರಿಂಗ್ ಬ್ರೇಕ್. ಹಿಂದಿನ ಚಕ್ರಗಳ ಚೇಂಬರ್ ನೋಡಿದರೆ ಒಂದರ ಬೆನ್ನಿಗೆ ಒಂದು ಎರಡು ಡಬ್ಬಿ ಇದ್ದ ಹಾಗಿರುತ್ತದೆ. ಹಿಂದಿನ ಡಬ್ಬಿಯಲ್ಲಿ ಭಾರೀ ಬಲದ ಒಂದು ಸ್ಪ್ರಿಂಗ್ ಇದೆ. ಲಾರಿ ಓಡುವಾಗ ಗಾಳಿ ಆ ಸ್ಪ್ರಿಂಗನ್ನು ಅದುಮಿ ಹಿಡಿದಿರುತ್ತದೆ. ಗಾಳಿ ಹೋದರೆ ಸ್ಪ್ರಿಂಗ್ ಚಾಚಿ ಬ್ರೇಕು ಹಾಕಿಬಿಡುತ್ತದೆ. ಹ್ಯಾಂಡ್‌ಬ್ರೇಕ್ ಹಾಕುವುದೆಂದರೂ ಇದೇ, ಆ ಡಬ್ಬಿಯ ಗಾಳಿಯನ್ನು ಬೇಕಂತಲೇ ಹೊರಗೆ ಬಿಡುವುದು.

ಘಾಟಿಯಲ್ಲಿ ಲಾರಿಯೊಂದು ನಡುರಸ್ತೆಯಲ್ಲಿ ಕಲ್ಲಿನ ಹಾಗೆ ಕೂತು, ಗಂಟೆಗಟ್ಟಲೆ ಟ್ರಾಫಿಕ್ ಜಾಮ್ ಆಗುತ್ತದಲ್ಲ, ಹಲವು ಸಲ ಕಾರಣ ಇದೇ ಗಾಳಿ ಸೋರಿಕೆ. ನೂಕಿದರೂ ಅಲುಗದು, ಎಳೆದರೂ ಬಾರದು. ಮತ್ತೆ ಗಾಳಿ ತುಂಬಬೇಕು, ಇಲ್ಲವೇ ಡಬ್ಬಿಯ ಹಿಂದಿನ ಬೋಲ್ಟನ್ನು ತಿರುಗಿಸಿ ಸ್ಪ್ರಿಂಗನ್ನು ಕೈಯಿಂದ ಹಿಂದಕ್ಕೆಳೆಯಬೇಕು. ಆ ಡಬ್ಬಿಯನ್ನೇ ಬಿಚ್ಚಲು ಹೋಗುವುದು ಮಾತ್ರ ಅಪಾಯ. ಒಳಗಿನ ಸ್ಪ್ರಿಂಗ್ ಗುಂಡಿನ ಹಾಗೆ ಸಿಡಿಯುತ್ತದೆ, ಅದರಿಂದ ಜೀವ ಕಳೆದುಕೊಂಡ ಮೆಕ್ಯಾನಿಕ್‌ಗಳಿದ್ದಾರೆ.

ಹಾಗಾದರೆ ಫೇಲ್ ಆಗುವುದು ಏನು?

ಪ್ರಶ್ನೆಯ ತಿರುಳು ಇಲ್ಲಿದೆ. ಗಾಳಿ ಹೋದರೆ ಲಾರಿ ನಿಲ್ಲಬೇಕು, ಆದರೂ ಲಾರಿಗಳು ಇಳಿಜಾರಿನಲ್ಲಿ ನುಗ್ಗುತ್ತವೆ. ಯಾಕೆಂದರೆ ಅಲ್ಲಿ ತೊಂದರೆ ಕೊಡುವುದು ಗಾಳಿ ಅಲ್ಲ, ಬಿಸಿ.

ಬ್ರೇಕು ವೇಗವನ್ನು ಮಾಯ ಮಾಡುವುದಿಲ್ಲ, ಶಾಖವಾಗಿ ಬದಲಾಯಿಸುತ್ತದೆ. 28.5 ಟನ್ನಿನ ಲಾರಿ ಸಕಲೇಶಪುರದ ಕಡೆಯಿಂದ ಶಿರಾಡಿ ಘಾಟಿ ಇಳಿಯುತ್ತಿದೆ, 700 ಮೀಟರ್ ಕೆಳಗೆ ಬರಬೇಕು ಅಂದುಕೊಳ್ಳಿ. ಅಷ್ಟು ಎತ್ತರದಿಂದ ಅಷ್ಟು ಭಾರ ಇಳಿಯುವಾಗ ಹೊರಬರುವ ಶಕ್ತಿ ಸುಮಾರು 54 ಯೂನಿಟ್ ಕರೆಂಟಿಗೆ ಸಮ. ಆರುನೂರು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಸಾಕು. ಟೈರಿನ ಉಜ್ಜಾಟ, ಎದುರು ಗಾಳಿ ಒಂದು ಪಾಲು ನುಂಗುತ್ತವೆ. ಉಳಿದದ್ದನ್ನು ಯಾರಾದರೂ ಹೊರಲೇಬೇಕು. ಬರೀ ಬ್ರೇಕಿನ ಮೇಲೇ ಬಿಟ್ಟರೆ ಅದೆಲ್ಲ ಆರು ಡ್ರಮ್‌ಗಳಿಗೆ ಹೋಗುತ್ತದೆ. ಭಾರ ಹೆಚ್ಚಿದ್ದಷ್ಟೂ ಶಾಖ ಹೆಚ್ಚು, ಓವರ್‌ಲೋಡ್ ಮಾಡಿದ ಲಾರಿಯ ಲೆಕ್ಕ ಇನ್ನೂ ಕೆಟ್ಟದು.

ಡ್ರಮ್ ಕಾದಾಗ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಮೊದಲನೆಯದು, ಲೈನರಿನ ಹಿಡಿತ ಕಡಿಮೆಯಾಗುತ್ತದೆ. ಒಂದು ಮಟ್ಟಕ್ಕಿಂತ ಬಿಸಿಯಾದ ಲೈನರ್ ಉಜ್ಜಿದರೂ ಜಾರುತ್ತದೆ. ಘಾಟಿಯ ಕೆಳಗೆ ಮೂಗಿಗೆ ಬಡಿಯುವ ಸುಟ್ಟ ವಾಸನೆ ಅದರದ್ದೇ. ಇದಕ್ಕೆ ಬ್ರೇಕ್ ಫೇಡ್ ಅನ್ನುತ್ತಾರೆ.

ಎರಡನೆಯದು ಅಷ್ಟು ಜನರಿಗೆ ಗೊತ್ತಿಲ್ಲ, ನನ್ನ ಪ್ರಕಾರ ಅದೇ ಹೆಚ್ಚು ಮುಖ್ಯ. ಕಾದ ಕಬ್ಬಿಣ ಹಿಗ್ಗುತ್ತದೆ. 410 ಮಿಲಿಮೀಟರ್ ಅಗಲದ ಡ್ರಮ್ 300 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲವಾಗುತ್ತದೆ. ಶೂ ಇರುವುದು ಡ್ರಮ್ಮಿನ ಒಳಗೆ. ಅಂದರೆ ಡ್ರಮ್ ಶೂನಿಂದ ದೂರ ಸರಿಯುತ್ತದೆ! ಒಂದು ಮಿಲಿಮೀಟರ್ ಏನು ಮಹಾ ಅನ್ನಬೇಡಿ. ಸನ್ನೆ ಮತ್ತು ಎಸ್-ಕ್ಯಾಮ್ ಬಲವನ್ನು ಹೆಚ್ಚಿಸುವುದು ದೂರವನ್ನು ಬೆಲೆ ಕೊಟ್ಟು. ಶೂ ಆ ಚೂರು ದೂರ ಹೆಚ್ಚು ಹೋಗಬೇಕಾದರೆ ಚೇಂಬರಿನ ಕಂಬಿ ಸುಮಾರು ಒಂದು ಸೆಂಟಿಮೀಟರ್ ಜಾಸ್ತಿ ಚಾಚಬೇಕು. ಆ ಕಂಬಿಗೆ ಇರುವ ಒಟ್ಟು ಓಟವೇ ಎರಡೂವರೆ ಇಂಚು, ಅಂದರೆ ಆರು ಸೆಂಟಿಮೀಟರ್ ಚಿಲ್ಲರೆ.

ಬ್ರೇಕು ಸರಿಯಾಗಿ ಅಡ್ಜಸ್ಟ್ ಆಗಿದ್ದರೆ ಈ ಒಂದು ಸೆಂಟಿಮೀಟರಿಗೆ ಜಾಗ ಇರುತ್ತದೆ. ಲೈನರ್ ಸವೆದಿದ್ದು, ಟೈಟ್ ಮಾಡಿಸದೆ ಬಿಟ್ಟಿದ್ದರೆ ತಂಪಾಗಿದ್ದಾಗಲೇ ಕಂಬಿ ತನ್ನ ಓಟದ ಕೊನೆಯ ಹತ್ತಿರ ಇರುತ್ತದೆ. ಡ್ರಮ್ ಹಿಗ್ಗಿದ ಮೇಲೆ ಕಂಬಿ ಪೂರ್ತಿ ಚಾಚಿ ಡಬ್ಬಿಯ ಗೋಡೆಗೆ ಒರಗಿ ನಿಲ್ಲುತ್ತದೆ. 1360 ಕಿಲೋ ಬಲ ಡಬ್ಬಿಯನ್ನೇ ತಳ್ಳುತ್ತದೆ, ಶೂಗೆ ಏನೂ ಸಿಗುವುದಿಲ್ಲ. ಸ್ಪ್ರಿಂಗ್ ಬ್ರೇಕನ್ನು ಎಳೆದರೂ ಉಪಯೋಗ ಅಷ್ಟಕ್ಕಷ್ಟೇ. ಅದು ತಳ್ಳುವುದೂ ಅದೇ ಕಂಬಿಯನ್ನು.

ಇದೆಲ್ಲ ಆಗುವಾಗ ಚಾಲಕನ ಕಾಲಿಗೆ ಸುಳಿವೇ ಸಿಗುವುದಿಲ್ಲ. ಕಾರಿನ ಬ್ರೇಕು ಕೆಡುವಾಗ ಪೆಡಲ್ ಮೆತ್ತಗಾಗುತ್ತದೆ, ಕೆಳಗೆ ಇಳಿಯುತ್ತದೆ. ಗಾಳಿ ಬ್ರೇಕಿನ ಪೆಡಲ್ ಬರೀ ನಲ್ಲಿಯಾದ್ದರಿಂದ ಯಾವಾಗಲೂ ಒಂದೇ ಥರ ಇರುತ್ತದೆ. ಮೀಟರ್ 8 ಬಾರ್ ತೋರಿಸುತ್ತದೆ. ಬಯಲಿನಲ್ಲಿ ಮೆತ್ತಗೆ ಬ್ರೇಕು ಹಾಕುವಾಗ ಎಲ್ಲ ಸರಿಯಾಗಿಯೇ ಇದ್ದ ಹಾಗೆ ಕಾಣುತ್ತದೆ. ಗುಟ್ಟು ರಟ್ಟಾಗುವುದು ಘಾಟಿಯಲ್ಲಿ.

ಹಳೆಯ ಲಾರಿಗಳಲ್ಲಿ ಸ್ಲ್ಯಾಕ್ ಅಡ್ಜಸ್ಟರಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಟೈಟ್ ಮಾಡಬೇಕು. ಈಗಿನವುಗಳಲ್ಲಿ ಆಟೋಮ್ಯಾಟಿಕ್ ಬಂದಿದೆ, ಲೈನರ್ ಸವೆದ ಹಾಗೆ ಅದೇ ಸರಿಪಡಿಸಿಕೊಳ್ಳುತ್ತದೆ. ಹಾಗಂತ ಗ್ರೀಸು ಕಾಣದೆ ಬಿಗಿದುಕೊಂಡ ಆಟೋಮ್ಯಾಟಿಕ್ ಅಡ್ಜಸ್ಟರಿನಿಂದ ಪ್ರಯೋಜನವಿಲ್ಲ. ಇನ್ನು ಎಬಿಎಸ್ ಬಗ್ಗೆ ಒಂದು ಮಾತು. ಗಟ್ಟಿಯಾಗಿ ಬ್ರೇಕು ಹಾಕಿದಾಗ ಚಕ್ರ ಲಾಕ್ ಆಗಿ ಜಾರದ ಹಾಗೆ ಅದು ನೋಡಿಕೊಳ್ಳುತ್ತದೆ. ಕಾದ ಡ್ರಮ್ಮಿಗೆ ಅದರಲ್ಲಿ ಮದ್ದಿಲ್ಲ.

ಸ್ಟೇರಿಂಗ್: ಕೈಯಿಂದ ಚಕ್ರದವರೆಗೆ

ಸ್ಟೇರಿಂಗ್ ಚಕ್ರದಿಂದ ಇಳಿಯುವ ಕೋಲು ಸ್ಟೇರಿಂಗ್ ಬಾಕ್ಸ್ ಸೇರುತ್ತದೆ. ಕೈ ತಿರುಗಿಸುವ ಹಲವು ಸುತ್ತನ್ನು ಅದು ಒಂದು ಚಿಕ್ಕ, ಬಲವಾದ ತಿರುವಾಗಿ ಬದಲಾಯಿಸುತ್ತದೆ. ಬಾಕ್ಸಿನಿಂದ ಕೆಳಗೆ ನೇತಾಡುವ ತೋಳು ಡ್ರಾಪ್ ಆರ್ಮ್. ಅದು ಹಿಂದೆ ಮುಂದೆ ಆಡಿದಾಗ ಡ್ರ್ಯಾಗ್ ಲಿಂಕ್ ಅನ್ನುವ ಉದ್ದ ರಾಡು ಒಂದು ಬದಿಯ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರದಿಂದ ಇನ್ನೊಂದು ಚಕ್ರಕ್ಕೆ ಅಡ್ಡಲಾಗಿ ಹೋಗುವುದು ಟೈ ರಾಡ್. ಎರಡು ಚಕ್ರವೂ ಜೊತೆಯಾಗಿ ತಿರುಗುವುದು ಅದರಿಂದ.

ಚಕ್ರ ಕೂತಿರುವ ಗಿಡ್ಡ ಕಂಬಿಗೆ ಸ್ಟಬ್ ಆಕ್ಸಲ್ ಅಂತ ಹೆಸರು. ಬಾಗಿಲು ಕೀಲಿನ ಮೇಲೆ ತಿರುಗುತ್ತದಲ್ಲ, ಆ ಕೀಲಿನ ಜಾಗದಲ್ಲಿ ಇಲ್ಲಿರುವುದು ಕಿಂಗ್ ಪಿನ್. ಮುಂದಿನ ಆಕ್ಸಲ್ಲಿನ ಎರಡು ತುದಿಯಲ್ಲಿ ನೆಟ್ಟಗೆ ನಿಂತಿರುವ ದಪ್ಪ ಗೂಟ. ಅದರ ಸುತ್ತ ಇರುವ ಕೊಳವೆ, ಅಂದರೆ ಬುಷ್ ಸವೆದರೆ ಚಕ್ರ ಅಲ್ಲಾಡುತ್ತದೆ, ಟೈರು ಒಂದು ಕಡೆ ಸವೆಯುತ್ತದೆ, ಸ್ಟೇರಿಂಗ್ ಕೈಯಲ್ಲಿ ನಡುಗುತ್ತದೆ. ಗ್ರೀಸ್ ಹೊಡೆಸದಿದ್ದರೆ ಮೊದಲು ಕೆಡುವ ಭಾಗಗಳಲ್ಲಿ ಇದೂ ಒಂದು. ಕಂಟೇನರ್ ಟ್ರೇಲರಿನ ಅಡಿಯಲ್ಲಿ, ಎಳೆಯುವ ಗಾಡಿಗೆ ಕೊಂಡಿ ಹಾಕುವ ಗೂಟಕ್ಕೂ ಕಿಂಗ್ ಪಿನ್ ಅಂತಲೇ ಅನ್ನುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ರಾಡುಗಳ ತುದಿಯಲ್ಲಿ ಗುಂಡು ಕೂತ ಕೀಲುಗಳಿವೆ, ಬಾಲ್ ಜಾಯಿಂಟ್. ಅದರ ನಟ್ಟು ಬಿಚ್ಚಿಕೊಳ್ಳದ ಹಾಗೆ ಅಡ್ಡಲಾಗಿ ಒಂದು ಸ್ಪ್ಲಿಟ್ ಪಿನ್ ಹಾಕಿರುತ್ತಾರೆ. ಕೆಲವೇ ರೂಪಾಯಿಯ ವಸ್ತು. ಅದಿಲ್ಲದೆ ನಟ್ಟು ಸಡಿಲಗೊಂಡು ಡ್ರ್ಯಾಗ್ ಲಿಂಕ್ ಕಳಚಿದರೆ ಸ್ಟೇರಿಂಗ್ ಸುಮ್ನೆ ಗಿರ್ರನೆ ತಿರುಗುತ್ತದೆ, ಚಕ್ರ ತನ್ನ ಪಾಡಿಗೆ ಹೋಗುತ್ತದೆ. ಬ್ರೇಕಿಗೆ ಎರಡು ಟ್ಯಾಂಕು ಇಟ್ಟ ಹಾಗೆ ಇದಕ್ಕೆ ಇನ್ನೊಂದು ದಾರಿ ಇಟ್ಟಿಲ್ಲ.

ಹನ್ನೆರಡು ಚಕ್ರ, ಅದಕ್ಕಿಂತ ಹೆಚ್ಚಿನ ಲಾರಿಗಳಲ್ಲಿ ಮುಂದೆ ಎರಡು ಆಕ್ಸಲ್‌ಗಳು ತಿರುಗುವುದನ್ನು ನೋಡಬಹುದು. ಒಂದರಿಂದ ಇನ್ನೊಂದಕ್ಕೆ ರಾಡು ಜೋಡಿಸಿರುತ್ತಾರೆ. ತಿರುವಿನಲ್ಲಿ ಒಳಚಕ್ರ ಹೆಚ್ಚು, ಹೊರಚಕ್ರ ಕಡಿಮೆ ತಿರುಗಬೇಕು ಅನ್ನುವ ಲೆಕ್ಕ ಹಳೆಯದು, ಕುದುರೆ ಗಾಡಿಯ ಕಾಲದ್ದು. ಮ್ಯೂನಿಕ್‌ನ ಲ್ಯಾಂಕೆನ್‌ಸ್ಪರ್ಗರ್ ಕಂಡುಹಿಡಿದದ್ದು, 1818ರಲ್ಲಿ ಲಂಡನ್ನಿನ ಅಕರ್‌ಮನ್ ಅದಕ್ಕೆ ಪೇಟೆಂಟ್ ಮಾಡಿಸಿದ. ಹೆಸರು ಉಳಿದದ್ದು ಅಕರ್‌ಮನ್‌ದು. ಎಷ್ಟೇ ಲೆಕ್ಕ ಹಾಕಿದರೂ ಉದ್ದದ ಲಾರಿ ತಿರುಗಲು ಜಾಗ ಬೇಕೇ ಬೇಕು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಆ ಜಾಗವಿಲ್ಲ. ಅಲ್ಲಿ ಭಾರೀ ವಾಹನ ಬಿಡದಿರುವುದಕ್ಕೆ ಇಳಿಜಾರಿನಷ್ಟೇ ಇದೂ ಕಾರಣ.

ಪವರ್ ಸ್ಟೇರಿಂಗ್ ಅಂದರೆ ಇದೇ ವ್ಯವಸ್ಥೆಗೆ ಎಣ್ಣೆಯ ಒತ್ತಡದ ಸಹಾಯ. ಆ ಎಣ್ಣೆಯನ್ನು ಒತ್ತುವ ಪಂಪು ತಿರುಗುವುದು ಎಂಜಿನ್ನಿನಿಂದ.

ನ್ಯೂಟ್ರಲ್ ಹಾಕಿದರೆ ಏನೇನು ಹೋಗುತ್ತದೆ

ಇಳಿಜಾರಿನಲ್ಲಿ ಶಾಖವನ್ನು ಬ್ರೇಕಿನ ಜೊತೆ ಹಂಚಿಕೊಳ್ಳುವ ಇನ್ನೊಂದು ಭಾಗ ಎಂಜಿನ್. ಲಾರಿ ಲೋ ಗೇರಿನಲ್ಲಿ ಇಳಿಯುವಾಗ ಚಕ್ರವೇ ಎಂಜಿನ್ನನ್ನು ತಿರುಗಿಸಬೇಕು. ಕ್ರೌನ್–ಪಿನಿಯನ್ ಆರು ಪಟ್ಟು, ಗೇರ್‌ಬಾಕ್ಸ್ ಇನ್ನಷ್ಟು ಪಟ್ಟು. ಫಸ್ಟ್ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ ನಲವತ್ತು ಐವತ್ತು ಸುತ್ತು ಸುತ್ತುತ್ತದೆ. ಅಷ್ಟು ಸುತ್ತಿಸುವ ಕಷ್ಟವೇ ಲಾರಿಯನ್ನು ಹಿಡಿದಿಡುತ್ತದೆ. ಎಕ್ಸಾಸ್ಟ್ ಬ್ರೇಕ್ ಇದ್ದರೆ ಹೊಗೆ ಹೋಗುವ ಪೈಪನ್ನು ಒಂದು ತಟ್ಟೆ ಮುಚ್ಚುತ್ತದೆ, ಎಂಜಿನ್ ತಿರುಗುವುದು ಇನ್ನೂ ಕಷ್ಟವಾಗುತ್ತದೆ. ಇಲ್ಲಿ ಡ್ರಮ್ಮಿಗೆ ಒಂದು ಚೂರೂ ಬಿಸಿ ತಾಗುವುದಿಲ್ಲ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಅನ್ನುವ ಹಳೇ ಚಾಲಕರ ಲೆಕ್ಕದ ಹಿಂದಿರುವುದು ಇದು.

ನ್ಯೂಟ್ರಲ್ ಹಾಕಿದರೆ ಎಂಜಿನ್ನಿಗೂ ಚಕ್ರಕ್ಕೂ ಕೊಂಡಿ ಕಳಚಿತು. ಶಾಖವೆಲ್ಲ ಡ್ರಮ್ಮಿಗೆ. ಎಂಜಿನ್ನನ್ನೇ ಆಫ್ ಮಾಡಿದರೆ ಕಂಪ್ರೆಸರ್ ನಿಂತಿತು, ಒಂದೊಂದು ಸಲ ಬ್ರೇಕು ಒತ್ತಿದಾಗಲೂ ಟ್ಯಾಂಕಿನ ಗಾಳಿ ಇಳಿಯುತ್ತಾ ಹೋಗುತ್ತದೆ. ಪವರ್ ಸ್ಟೇರಿಂಗಿನ ಪಂಪೂ ನಿಂತಿತು, ಮೂವತ್ತು ಟನ್ನಿನ ಗಾಡಿಯನ್ನು ತಿರುವಿನಲ್ಲಿ ತೋಳ್ಬಲದಿಂದ ತಿರುಗಿಸಬೇಕು. ವೇಗ ಏರಿದ ಮೇಲೆ ಮತ್ತೆ ಲೋ ಗೇರ್ ಹಾಕೋಣ ಅಂದರೆ ಗೇರು ಬೀಳುವುದಿಲ್ಲ.

2022ರ ನವೆಂಬರ್ 20ರ ರಾತ್ರಿ ಪುಣೆಯ ನವಲೆ ಸೇತುವೆ ಹತ್ತಿರ, ಮುಂಬೈ–ಬೆಂಗಳೂರು ಹೆದ್ದಾರಿಯ ಇಳಿಜಾರಿನಲ್ಲಿ ಲಾರಿಯೊಂದು ಹತ್ತಾರು ವಾಹನಗಳಿಗೆ ಗುದ್ದಿತು. ಮೊದಲು ಬಂದ ಸುದ್ದಿ ಬ್ರೇಕ್ ಫೇಲ್ ಅಂತ. ಇಳಿಜಾರಿನಲ್ಲಿ ಚಾಲಕ ಎಂಜಿನ್ ಆಫ್ ಮಾಡಿದ್ದ ಅಂತ ಪೊಲೀಸರು ಆಮೇಲೆ ಹೇಳಿದರು.

ಯಾಕೆ ಆಫ್ ಮಾಡುತ್ತಾರೆ? ಡೀಸೆಲ್ ಉಳಿಸಲು. ತಮಾಷೆ ಏನೆಂದರೆ ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದರೆ ಡೀಸೆಲ್ ಪೂರೈಕೆ ಪೂರ್ತಿ ನಿಲ್ಲುತ್ತದೆ. ಎಂಜಿನ್ನನ್ನು ತಿರುಗಿಸುವ ಕೆಲಸ ಚಕ್ರವೇ ಮಾಡುತ್ತಿರುತ್ತದಲ್ಲ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಆರಿಹೋಗದಿರಲು ಡೀಸೆಲ್ ಕುಡಿಯಲೇಬೇಕು. ಕಡಿದಾದ ಘಾಟಿಯಲ್ಲಿ ನ್ಯೂಟ್ರಲ್ ಹಾಕಿದವನಿಗೆ ಡೀಸೆಲ್ಲೂ ಉಳಿಯುವುದಿಲ್ಲ, ಮೇಲಿಂದ ಲೈನರಿನ ಖರ್ಚು ಬೇರೆ.

ಡ್ರಮ್ ಕಾದಮೇಲೆ

ಹೊಗೆ ಕಂಡ ತಕ್ಷಣ ಬಕೆಟಿನಲ್ಲಿ ನೀರು ಸುರಿಯುವುದನ್ನು ಘಾಟಿಗಳಲ್ಲಿ ನೋಡಬಹುದು. ಕೆಂಪಗೆ ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಬಿರುಕು ಆಗಲೇ ಕಾಣದಿರಬಹುದು, ಮುಂದಿನ ಗಟ್ಟಿ ಬ್ರೇಕಿಗೆ ಡ್ರಮ್ ಒಡೆಯಬಹುದು. ಸಮತಟ್ಟು ಜಾಗ ನೋಡಿ ನಿಲ್ಲಿಸಿ, ತಾನಾಗಿ ಆರಲು ಬಿಡುವುದೇ ದಾರಿ. ಅದಕ್ಕೆ ಹೊತ್ತು ಹಿಡಿಯುತ್ತದೆ.

ಆ ಹೊತ್ತಿನಲ್ಲಿ ಬರೀ ಹ್ಯಾಂಡ್‌ಬ್ರೇಕನ್ನು ನಂಬುವುದೂ ಸರಿಯಲ್ಲ. ಹಿಗ್ಗಿದ ಡ್ರಮ್ಮಿಗೆ ಶೂ ಪೂರ್ತಿ ಮುಟ್ಟಿರುವುದಿಲ್ಲ. ಮುಟ್ಟಿದ್ದರೂ, ಡ್ರಮ್ ಆರುತ್ತಾ ಕುಗ್ಗುವಾಗ ಒಳಗೆ ಬಿಗಿಯಾಗಿ ನಿಂತ ಶೂ ಅದನ್ನು ಸೀಳಬಹುದು. ಹಾಗಾಗಿ ಗೇರಿನಲ್ಲಿಟ್ಟು, ಎಂಜಿನ್ ಆಫ್ ಮಾಡಿ, ಚಕ್ರಗಳಿಗೆ ಕಲ್ಲು ಇಲ್ಲವೇ ಮರದ ತುಂಡು ಕೊಡುತ್ತಾರೆ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಎತ್ತಿ ಹಾಕಲು ಮರೆಯುವ ಲಾರಿಯವರು ತುಂಬಾ ಜನ. ರಾತ್ರಿ ಹಿಂದಿನಿಂದ ಬರುವ ಬೈಕಿನವರಿಗೆ ಅದು ಕಾಣುವುದಿಲ್ಲ.